ಬಚ್ಚಲುಮನೆಯ ಚಿಲಕ

ಸ್ನೇಹಿತರೇ, ಇವತ್ತು ನಾನು ಬಚ್ಚಲುಮನೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಭಾನುವಾರವೆಂದು ತಲೆಗೆ ಹರಳೆಣ್ಣೆ ತಟ್ಟಿಕೊಂಡು, ನಿಧಾನವಾಗಿ ಬಿಸಿನೀರು ಹುಯ್ದುಕೊಂಡು, ಮೈ ಹಗುರಾಗಿ ಹೊರಬರುವಾಗ ನೋಡಿದರೆ ಚಿಲಕ ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ. ಮೊಬೈಲ್ ಮಂಚದ ಮೇಲಿತ್ತು. ವೆಂಟಿಲೇಟರಿಗೆ ಬಾಯಿಟ್ಟು ಕೂಗಿದೆ. ವಿಜಯನಗರದ ನಮ್ಮ ಬೀದಿಯಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡೇ ಇವೆ. ಪಕ್ಕದ ಮನೆಯ ಅಡುಗೆಮನೆಯಿಂದ ಆಂಟಿ ಓಗೊಟ್ಟರು.

“ಚಿಲಕ ಸಿಕ್ಕಾಕೊಂಡಿದೆ ಆಂಟಿ!”

“ಮನೇಲಿರೋರ್ನ ಕರೀರಿ, ತೆಗೀತಾರೆ.”

“ಯಾರೂ ಇಲ್ಲ ಆಂಟಿ.”

“ಊರಿಗೆ ಹೋಗಿದಾರಾ?”

“ಇಲ್ಲ. ನಾನೊಬ್ಳೇ ಇರೋದು.”

ಈ ಮಾತನ್ನು ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಹೇಳಿರಲಿಲ್ಲ. ಆಂಟಿಯ ಬಾಣಲೆಯ ಸದ್ದೂ ನಿಂತಿತು.

ಅವರು ನೈಟಿಯ ಮೇಲೆ ವೇಲ್ ಹೊದ್ದುಕೊಂಡು, ಓನರ್ ಹತ್ತಿರವಿದ್ದ ಮುಂಬಾಗಿಲಿನ ಇನ್ನೊಂದು ಕೀ ತೆಗೆದುಕೊಂಡು ಓಡಿಬಂದರು. ಬಚ್ಚಲಿನ ಬಾಗಿಲಿಗೆ ಭುಜ ಕೊಟ್ಟು ಗುದ್ದಿದರು. ಚಿಲಕ ಕಿತ್ತುಬಂತು.

“ಒಬ್ರೇ ಇರೋ ಮನೇಲಿ ಬಚ್ಚಲಿಗೆ ಚಿಲಕ ಯಾಕ್ರೀ ಹಾಕ್ಕೊಂಡ್ರಿ?” ಎಂದು ಕೇಳಿದರು.

ನಕ್ಕು, ಕಿತ್ತುಬಂದ ಚಿಲಕ ಎತ್ತಿಕೊಂಡೆ. ಹೊರಗೆ ಯಾರೋ ಇದ್ದಾರೆ ಅನ್ನಿಸಲಿ ಅಂತ ಹಾಕಿಕೊಳ್ಳುತ್ತಿದ್ದೆನೇನೋ.