ಮಾಲ್‌ನಲ್ಲಿ ನಾವು ಹಾಡಿದ ಕ್ರಿಸ್ಮಸ್

ಪುಣೆಯಲ್ಲಿ ನಮ್ಮದೊಂದು ಸಣ್ಣ ಕನ್ನಡ ಸಭೆ. ಸ್ವಂತ ಕಟ್ಟಡವಿಲ್ಲ. ಭಾನುವಾರ ಮರಾಠಿ ಆರಾಧನೆ ಮುಗಿದ ಮೇಲೆ ಅವರ ಚರ್ಚಿನಲ್ಲೇ ನಾವು ಸೇರುತ್ತೇವೆ. ರಾಂಜಣಗಾಂವದ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಗಾಯನ ತಂಡದ ಹೊಣೆ ನನಗೆ ಬಂತು. ಕೀಬೋರ್ಡ್ ನುಡಿಸುವುದೂ ನಾನೇ. ಹನ್ನೆರಡು ಜನರ ಆ ತಂಡದಲ್ಲಿ ನಿಜವಾದ ಕಂಠ ಒಬ್ಬರದೇ ಇತ್ತು. ಬೀದರ್ ಕಡೆಯ ವಿಧವೆ, ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಓದು ಬಾರದಿದ್ದರೂ ಕೀರ್ತನೆ ಪುಸ್ತಕವೆಲ್ಲ ಅವರಿಗೆ ಬಾಯಿಪಾಠ. ಮಗರಪಟ್ಟಾದಿಂದ ಸ್ವಲ್ಪ ದೂರದ ಒಂದು ಮಾಲ್‌ನಲ್ಲಿ ನೆಲ ಒರೆಸುವ ಕೆಲಸ ಮಾಡುತ್ತಿದ್ದರು.

ಅದೇ ಮಾಲ್‌ನಿಂದ ಡಿಸೆಂಬರಿಗೆ ಮುಂಚೆ ಕರೆ ಬಂತು: ಒಂದು ಸಂಜೆ ಅರ್ಧ ಗಂಟೆ ಹಾಡಬೇಕು. ಸಭೆಯಲ್ಲಿ ಹಬ್ಬದ ಸಡಗರ. ಅದಕ್ಕೆ ಕಾರಣವಿತ್ತು. ಮೊದಲೆಲ್ಲ ನಾವು ಬೀದಿ ಬೀದಿಯಲ್ಲಿ ಹಾಡುತ್ತ ಹೋಗುತ್ತಿದ್ದೆವು. ಆಮೇಲೆ ಯಾರೋ ದೂರು ಕೊಟ್ಟರು, ಅನುಮತಿ ಪತ್ರ ಎಲ್ಲಿ ಎಂದು ಪೊಲೀಸರು ಕೇಳಿದರು. ಎರಡು ವರ್ಷ ಕಿಟಕಿ ಮುಚ್ಚಿಕೊಂಡು ಹಾಡಿದ್ದೆವು. ಈಗ ಮರ್ಯಾದೆಯಿಂದ ಕರೆಯುತ್ತಿದ್ದಾರಲ್ಲ ಎಂದು ನಾನೂ ಉಬ್ಬಿದೆ. ಬೀದಿಯಲ್ಲಿ ಅನುಮಾನ ಹುಟ್ಟಿಸಿದ ಹಾಡು ಅಂಗಡಿಗಳ ನಡುವೆ ಬರೀ ಅಲಂಕಾರವಾಗುತ್ತದೆಂದು ಆಗ ಹೊಳೆಯಲಿಲ್ಲ.

ಅಭ್ಯಾಸ ನೋಡಲು ಮಾಲ್‌ನ ಕಾರ್ಯಕ್ರಮ ನೋಡಿಕೊಳ್ಳುವ ಹುಡುಗಿ ಬಂದಳು. ಬೆಂಗಳೂರಿನವಳು.

"ಸರ್, ಸೂಪರ್ ಆಗಿದೆ. ಆದ್ರೆ ಯೇಸು, ರಕ್ಷಕ ಅಂತೆಲ್ಲ ಬರೋದು ಬೇಡ. ಯಾರಾದ್ರೂ ವಿಡಿಯೋ ಮಾಡಿ ಹಾಕಿದ್ರೆ ಸುಮ್ನೆ ಇಶ್ಯೂ ಆಗುತ್ತೆ. ಗಂಟೆ, ಹಿಮ, ಕ್ರಿಸ್ಮಸ್ ತಾತ, ಈ ಥರ ಇರ್ಲಿ."

ಸಭಾಪಾಲಕರು ಅಡ್ಡಿಯಿಲ್ಲ ಎಂದರು. ನಾನೂ ತಲೆಯಾಡಿಸಿದೆ. ಅಕ್ಕ ಮಾತ್ರ ಕೇಳಿದರು:

"ಹುಟ್ಟಿದಾವನ ಹೆಸರು ಬಿಟ್ಟು ತೊಟ್ಟಿಲ ತೂಗೋದು ಹ್ಯಾಂಗ್ರೀ ಅಣ್ಣಾರ?"

ಎಲ್ಲರೂ ನಕ್ಕರು. ನಾನು ಗಂಟೆಯ ಹಾಡಿಗೆ ಶ್ರುತಿ ಹಿಡಿದೆ.

ಆ ದಿನ ಅಕ್ಕ ಕೆಲಸದ ಪಾಳಿ ಬದಲಿಸಿಕೊಂಡು, ಇದ್ದ ಒಂದೇ ರೇಷ್ಮೆ ಸೀರೆ ಉಟ್ಟು, ನಮ್ಮೆಲ್ಲರಂತೆ ಕೊರಳಿಗೆ ಕೆಂಪು ಶಾಲು ಹಾಕಿಕೊಂಡು ಬಂದಿದ್ದರು. ವೇದಿಕೆ ಹತ್ತುವ ಹೊತ್ತಿಗೆ ಮಾಲ್‌ನ ಕಾವಲುಗಾರ ಆ ಹುಡುಗಿಯ ಕಿವಿಯಲ್ಲಿ ಏನೋ ಹೇಳಿದ, ಅವಳು ನನ್ನನ್ನು ಪಕ್ಕಕ್ಕೆ ಕರೆದಳು.

"ಇವ್ರು ನಮ್ಮ ಹೌಸ್‌ಕೀಪಿಂಗ್ ಅಲ್ವಾ ಸರ್? ಸ್ಟಾಫ್ ಸ್ಟೇಜ್ ಹತ್ತೋ ಹಾಗಿಲ್ಲ. ಪ್ಲೀಸ್, ತಪ್ಪು ತಿಳ್ಕೋಬೇಡಿ."

ಹಾಗಾದರೆ ನಾವು ಹಾಡುವುದಿಲ್ಲ ಎನ್ನಬಹುದಿತ್ತು. ಸುತ್ತಲೂ ಜನ ಫೋನ್ ಎತ್ತಿ ಹಿಡಿದು ನಿಂತಿದ್ದರು. ನಾನು ಅಕ್ಕನ ಬಳಿ ಹೋದೆ.

"ಅಕ್ಕಾರ, ಇವತ್ತೊಂದಿನ ನೀವು ಕೆಳಗ ಕೂತು ಕೇಳ್ರಿ."

ಅವರು ಶಾಲು ತೆಗೆದು, ಮಡಿಸಿ, ನನ್ನ ಕೈಗೆ ಕೊಟ್ಟರು. "ಆಯ್ತ್ರಿ ಅಣ್ಣಾರ."

ಹಿಮ ಬೀಳುವ ಹಾಡು ಶುರುವಾಯಿತು. ನಮ್ಮಲ್ಲಿ ಒಬ್ಬರೂ ಹಿಮ ಕಂಡವರಲ್ಲ. ಮೇಲಿನಿಂದ ಥರ್ಮಾಕೋಲ್ ಚೂರು ಸುರಿಸಿದರು. ಅದು ನೆಲದ ತುಂಬ ಹರಡಿ, ಒಬ್ಬ ಹೆಂಗಸು ಕಾಲು ಜಾರಿ ಸಾವರಿಸಿಕೊಂಡಳು. ಸೂಪರ್‌ವೈಸರ್ ಅತ್ತಿತ್ತ ನೋಡಿದವನು ಅಕ್ಕನನ್ನು ಗುರುತಿಸಿಬಿಟ್ಟ. "ಮಾವಶಿ, ಜರಾ ಝಾಡೂ ಮಾರಾ" ಎಂದು ಗುಡಿಸಲು ಹೇಳಿದ. ಈಗ ನನ್ನ ಪಾಳಿಯಲ್ಲ ಎಂದು ಅವರು ಹೇಳಿದರೋ ಇಲ್ಲವೋ ತಿಳಿಯದು. ಮೂರನೆಯ ಹಾಡಿನ ಹೊತ್ತಿಗೆ ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಮ್ಮ ವೇದಿಕೆಯ ಮುಂದೆಯೇ ಗುಡಿಸುತ್ತಿದ್ದರು. ನಾನು ನೋಡಿದೆ. ನನ್ನ ಬೆರಳುಗಳು ನಿಲ್ಲಲಿಲ್ಲ. ಒಂದು ಸ್ವರವೂ ತಪ್ಪಲಿಲ್ಲ.

ಫೋಟೋಗಳು ಸಭೆಯ ವಾಟ್ಸಾಪ್ ಗುಂಪಿಗೆ ಬಂದವು. ಕೆಳಗೆ ಸಾಲು ಸಾಲಾಗಿ ಆಮೆನ್.

ಅಕ್ಕ ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಒಂದು ಬೆಳಿಗ್ಗೆ ಹಡಪಸರದ ಆಚೆಗಿನ ಅವರ ತಗಡಿನ ಮನೆಗೆ ಹೋದೆ. ಚಹಾ ಕೊಟ್ಟರು. ಅದು ಮಾಲ್‌ನವರ ನಿಯಮ, ನನ್ನ ಕೈಯಲ್ಲಿ ಏನಿತ್ತು ಎಂದು ನಾನು ಶುರುಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಝಾಡೂ ಹಿಡಿಯೋದು ನನ್ನ ಕೆಲಸ ಅದರಿ. ಅದಕ್ಕ ನಾಚಿಕಿ ಇಲ್ಲ. ಕೆಳಗ ಕೂಡ್ರಿ ಅಂತ ಅಂದಾವ್ರು ನೀವು. ನಮ್ಮಪ್ಪ ಊರಾಗ ಕೆಳಗ ಕೂತು ಕೂತು ಭಾಳ ಬ್ಯಾಸತ್ತು ಸಭಾಕ್ಕ ಬಂದಾಂವ. ಇಲ್ಲಿ ಎಲ್ಲಾರ ಜೋಡಿ ಚಾಪಿ ಮ್ಯಾಲ ಕುಂದರಿಸಿದ್ರಂತ, ಅಷ್ಟಕ್ಕ ಬಂದಾನ್ರಿ. ಬ್ಯಾರೆ ಏನೂ ಕೇಳಲಿಲ್ಲ."

ಕ್ಷಮಿಸಿ ಎಂದೆ. "ದೇವರು ಕ್ಷಮಸ್ತಾನ್ರಿ, ಚಹಾ ಆರ್ತದ, ಕುಡೀರಿ" ಎಂದರು. ತಾನು ಕ್ಷಮಿಸಿದೆ ಎನ್ನಲಿಲ್ಲ. ನನಗೆ ಅದು ಇವತ್ತಿಗೂ ಚುಚ್ಚುತ್ತದೆ, ಚುಚ್ಚಲಿ.

ಈಗ ಅವರು ಕಟ್ಟಡ ಕೆಲಸದವರ ಶೆಡ್ಡಿನಲ್ಲಿ ನಡೆಯುವ ಒಂದು ಸಣ್ಣ ಕೂಟಕ್ಕೆ ಹೋಗುತ್ತಾರಂತೆ, ಹಾಡು ಎತ್ತಿಕೊಡುವವರು ಅವರೇ ಅಂತೆ.

ಮರುವರ್ಷ ಮಾಲ್‌ನಿಂದ ಮತ್ತೆ ಕರೆ ಬಂತು. ಸಮಿತಿ ಒಪ್ಪಿತು. ನಾನು ತಂಡ ಬಿಡುತ್ತೇನೆಂದೆ, ಕಾರಣವನ್ನೂ ಬಿಡಿಸಿ ಹೇಳಿದೆ. ಆಮೇಲೆ ಕಾರ್ಯದರ್ಶಿ ನಡಾವಳಿ ಓದಿದಾಗ ನನ್ನ ಹೆಸರಿನ ಮುಂದೆ "ಅನಾರೋಗ್ಯದ ನಿಮಿತ್ತ" ಎಂದಿತ್ತು. ತಿದ್ದುಪಡಿ ಇದ್ದರೆ ಹೇಳಿ ಎಂದು ಸಭಾಪಾಲಕರು ನನ್ನತ್ತ ನೋಡಿದರು. ನಾನು ಸುಮ್ಮನೆ ಸಹಿ ಹಾಕಿದೆ.