ಪಟಕಾ ಸುತ್ತುವಷ್ಟರಲ್ಲಿ

ಕಲ್ಲೋಳಿಯ ನಮ್ಮ ಮನೆಗೆ ಬಸ್ಸು ಮೊದಲು ಕಾಣಿಸುವುದಿಲ್ಲ, ಕೇಳಿಸುತ್ತದೆ. ಮೂಡಲಗಿ ಕಡೆಯಿಂದ ಬರುವ ಬೆಳಗಿನ ಬಸ್ಸು ಹಳ್ಳದ ತಿರುವಿನಲ್ಲಿ ಒಮ್ಮೆ ಉದ್ದಕ್ಕೆ ಹಾರ್ನ್ ಹೊಡೆಯುತ್ತದೆ. ಊರೊಳಗೆ ಬಂದ ಮೇಲೆ ಚಿಕ್ಕದಾಗಿ ಎರಡು ಸಲ. ಆ ಉದ್ದನೆಯ ಹಾರ್ನ್ ಕೇಳಿದಾಗಲೇ ನನ್ನ ಕಾಕಾ ಉದ್ದಪ್ಪ ತಲೆಗೆ ಪಟಕಾ ಸುತ್ತಲು ಕೂರುತ್ತಿದ್ದ. ಒಂಬತ್ತು ಮೊಳದ ಬಿಳಿ ಬಟ್ಟೆ. ಒಂದು ತುದಿಯನ್ನು ಶಂಕ್ರವ್ವ ಕಾಕಿ ಬಿಗಿಯಾಗಿ ಹಿಡಿದು ನಿಲ್ಲಬೇಕು. ಇನ್ನೊಂದು ತುದಿಯಿಂದ ಕಾಕಾ ನಿಧಾನವಾಗಿ, ಸುತ್ತಿನ ಮೇಲೆ ಸುತ್ತು ಹಾಕುತ್ತ ಕೂತಲ್ಲೇ ಅವಳ ಹತ್ತಿರಕ್ಕೆ ಸರಿಯುತ್ತಿದ್ದ. ಅಷ್ಟು ಹೊತ್ತೂ ಕಂಡಕ್ಟರ್ ರಾಜಪ್ಪ ಬಸ್ಸು ನಿಲ್ಲಿಸಿಕೊಂಡಿರುತ್ತಿದ್ದ.

“ಮೇಲ್ಮನಿ ಮೆಂಬರ್‌ಗೆ ಸರಕಾರ ಕೊಟ್ಟ ಮರ್ಯಾದಿ ಅಂದ್ರ ಇಷ್ಟ ನೋಡು ಮಗಳ,” ಎನ್ನುತ್ತಿದ್ದ ಕಾಕಾ. “ಅದೂ ಸರಕಾರ ಕೊಟ್ಟಿದ್ದಲ್ಲ, ರಾಜಪ್ಪ ಕೊಟ್ಟಿದ್ದು.”

ಕಾಕಾ ನಿಜವಾಗಿಯೂ ವಿಧಾನ ಪರಿಷತ್ತಿನ ಸದಸ್ಯನಾಗಿದ್ದ. ಹೇಗಾದ ಎಂದು ಕೇಳಿದವರಿಗೆಲ್ಲ ಒಂದೇ ಕಥೆ ಹೇಳುತ್ತಿದ್ದ. ಪಂಚಾಯತಿ, ಪುರಸಭೆಗಳ ಸದಸ್ಯರು ಮತ ಹಾಕುವ ಚುನಾವಣೆ. ಗೋಕಾಕದ ದೊಡ್ಡವರೊಬ್ಬರು, ಹುಕ್ಕೇರಿಯ ದೊಡ್ಡವರೊಬ್ಬರು ಜಗಳಕ್ಕೆ ಬಿದ್ದರು. ಯಾರ ದಾರಿಗೂ ಅಡ್ಡ ಬರದವನೊಬ್ಬನನ್ನು ನಿಲ್ಲಿಸೋಣವೆಂದು ಕೊನೆಗೆ ರಾಜಿಯಾದರು. “ನಾ ಆರಿಸಿ ಬಂದಾವಲ್ಲ, ಉಳದಾವ. ಮಾತಾಡಲಾರದವನ್ನ ಹುಡಿಕ್ಯಾಡಿದ್ರು, ನಾ ಸಿಕ್ಕೆ.”

ಆ ನಂಬಿಕೆಯನ್ನು ಅವನು ಎರಡು ವರ್ಷ ಉಳಿಸಿಕೊಂಡ. ಅಧಿವೇಶನ ಮುಗಿದ ಮೇಲೆ ಅಂಚೆಯಲ್ಲಿ ಬರುತ್ತಿದ್ದ ಕಲಾಪದ ಪುಸ್ತಕದಲ್ಲಿ ಅವನ ಹೆಸರು ಹಾಜರಿ ಪಟ್ಟಿಯಲ್ಲಿ ಮಾತ್ರ ಇರುತ್ತಿತ್ತು. ಸದನದಲ್ಲಿ ತಾನು ಮಾಡಿದ ದೊಡ್ಡ ಸದ್ದು ಕೆಮ್ಮಿದ್ದು ಎಂದು ತಾನೇ ಹೇಳಿಕೊಂಡು ನಗುತ್ತಿದ್ದ.

ಅವನನ್ನು ಬಾಯಿ ತೆರೆಯುವಂತೆ ಮಾಡಿದವಳು ಅವನ ಅಕ್ಕ, ಅಲ್ಲವ್ವ ಎಂಬ ನನ್ನ ಸೋದರತ್ತೆ. ಅವಳನ್ನು ಕೊಟ್ಟದ್ದು ಹುಕ್ಕೇರಿ ತಾಲೂಕಿನಲ್ಲಿ, ನದಿಯ ದಂಡೆಯ ಮೇಲಿನ ಸಣ್ಣ ಊರಿಗೆ. ಹಿಡಕಲ್‌ನಲ್ಲಿ ಅಣೆಕಟ್ಟಿನ ಕೆಲಸ ಶುರುವಾದ ಮೇಲೆ ಆ ಊರನ್ನು ಎಬ್ಬಿಸಿ ಎತ್ತರದ ಕಲ್ಲು ಮಡ್ಡಿಯ ಮೇಲೆ ಕೂರಿಸಿದರು. ಮನೆಗಳಿಗೆ ನಂಬರು ಬಂದವು, ಬಾವಿ ಬರಲಿಲ್ಲ. ಅತ್ತೆ ದಿನಕ್ಕೆರಡು ಸಲ ಒಂದೂವರೆ ಮೈಲಿ ಇಳಿದು, ಕೊಡ ಹೊತ್ತು ಅಷ್ಟನ್ನೇ ಹತ್ತಬೇಕಿತ್ತು. ಅವಳ ಬಲ ಮೊಣಕಾಲು ಬಾತು ಕೂತಿತ್ತು.

“ನೀರಾಗ ಮುಳಗತೈತಿ ಅಂತ ಊರ ಬಿಡಿಸ್ಯಾರ, ಈಗ ಕುಡ್ಯಾಕ ನೀರಿಲ್ಲ. ಬಾವಿ ಯಾವಾಗ ತೋಡತೀರಿ ಅಂತ ಅಲ್ಲಿ ಕೇಳೋ ಉದ್ದಾ,” ಎಂದಳು. “ಬಾಯಿ ಐತಿಲ್ಲ ನಿನಗ?”

ಪ್ರಶ್ನೆ ಬರೆಯುವ ಕೆಲಸ ನನಗೆ ಬಂತು. ಗೋಕಾಕದ ಕಾಲೇಜಿನಲ್ಲಿ ಮೊದಲ ವರ್ಷ ಮುಗಿಸಿದ್ದೆ, ಅಕ್ಷರ ದುಂಡಗಿತ್ತು, ತಲೆ ಅದಕ್ಕಿಂತ ದುಂಡಗಿತ್ತು. ಎರಡು ಹಾಳೆ ಬರೆದೆ. ಘಟಪ್ರಭೆಯ ತೆರೆಗಳ ಜೋಗುಳ ಕೇಳಿ ಬೆಳೆದ ಜನ, ಬೆಳದಿಂಗಳಲ್ಲಿ ಬರಿದಾಗಿ ಹೊಳೆಯುವ ಕೊಡ, ಎಲ್ಲ ಇತ್ತು ಅದರಲ್ಲಿ. ಬರೆದು ಮುಗಿಸಿ ನಾನೇ ಕಣ್ಣೊರೆಸಿಕೊಂಡೆ. ಹದಿನೈದು ದಿನಕ್ಕೆ ಹಾಳೆಗಳು ಬೆಂಗಳೂರಿನಿಂದ ಹಿಂದಕ್ಕೆ ಬಂದವು. ಇದರಲ್ಲಿ ಪ್ರಶ್ನೆ ಯಾವುದೆಂದು ದಯವಿಟ್ಟು ತಿಳಿಸಬೇಕು ಎಂದು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು.

“ಅಳಬ್ಯಾಡ ಮಗಳ,” ಎಂದ ಕಾಕಾ. “ಬೆಂಗಳೂರಾಗ ನಾ ಚಾ ಬೇಕಂದ್ರೂ ಹಿಂಗ ಕೇಳ್ತಾರ.”

ಎರಡನೇ ಸಲ, ಬಾವಿ ಯಾವಾಗ ತೋಡುತ್ತೀರಿ ಎಂದು ಒಂದೇ ಸಾಲು ಬರೆದೆ. ಪ್ರಶ್ನೆಗೆ ನಲವತ್ತೊಂದನೇ ನಂಬರು ಸಿಕ್ಕಿತು. ಸಭಾಪತಿ ಹೆಸರು ಕರೆದಾಗ ಸದಸ್ಯ ಎದ್ದು ತನ್ನ ನಂಬರು ಹೇಳಬೇಕು. ಆಗ ಮಂತ್ರಿಗಳು ಉತ್ತರ ಕೊಡುತ್ತಾರೆ, ಸದಸ್ಯ ಅದರ ಮೇಲೆ ಇನ್ನೊಂದೆರಡು ಮಾತು ಕೇಳಬಹುದು. ಏಳದಿದ್ದರೆ ಬರೆದಿಟ್ಟ ಉತ್ತರ ಪುಸ್ತಕ ಸೇರುತ್ತದೆ, ಅಲ್ಲಿಗೆ ಮುಗಿಯಿತು. ಕಾಕಾ ದಿನಾ ಎಮ್ಮೆಯ ಮುಂದೆ ನಿಂತು “ಯಾವ ತಿಂಗಳು, ಸ್ವಾಮಿ?” ಎಂದು ರೂಢಿ ಮಾಡಿಕೊಂಡ. ಎಮ್ಮೆ ಮಂತ್ರಿಗಳಷ್ಟೇ ಸಾವಕಾಶವಾಗಿ ಮೆಲುಕು ಹಾಕುತ್ತಿತ್ತು.

ಕಲಾಪದ ಪುಸ್ತಕ ಬಂದ ದಿನ ಅತ್ತೆ ಎರಡು ಬಸ್ಸು ಬದಲಿಸಿ ಬಂದಿದ್ದಳು. ಹೊಸ್ತಿಲ ಬಳಿ ಕಾಲು ಚಾಚಿ ಕೂತಳು. ನಾನು ನಲವತ್ತೊಂದನೇ ಪ್ರಶ್ನೆ ಹುಡುಕಿ ಗಟ್ಟಿಯಾಗಿ ಓದತೊಡಗಿದೆ, ಮುಂದೆ ನನ್ನ ದನಿ ತಾನೇ ಸಣ್ಣದಾಯಿತು. ‘ಸದಸ್ಯರು ಎದ್ದು ನಿಲ್ಲಲಿಲ್ಲ. ಲಿಖಿತ ಉತ್ತರ: ವಿಷಯ ಪರಿಶೀಲನೆಯಲ್ಲಿದೆ.’

“ಎದ್ದು ನಿಲ್ಲಲಿಲ್ಲ?” ಅತ್ತೆ ತಮ್ಮನ ಕಡೆ ತಿರುಗಿದಳು. “ಯಾಕೋ, ನಿನ್ನ ಮೊಣಕಾಲೂ ಬಾತಿತ್ತೇನು?”

“ಇಲ್ಲ ಯಕ್ಕಾ. ಪಟಕಾ.”

“ಪಟಕಾಕ್ಕೇನಾಗಿತ್ತು ಧಾಡಿ?”

“ಹಿಂದ ಕುಂತಾವ್ರೊಬ್ರು, ಸಭಾಪತಿಗಳು ಕಾಣವಲ್ರು, ಅದನ್ನೀಟು ತಗೀರಿ ಅಂದ್ರು. ತಗದು ತೊಡಿ ಮ್ಯಾಲಿಟ್ಕೊಂಡೆ. ಫ್ಯಾನಿನ ಗಾಳಿಗೆ ಬಿಚ್ಚಿ ಕಾಲಾಗ ಬಿತ್ತು. ಅಷ್ಟರಾಗ ನನ್ನ ಹೆಸರ ಕರದ್ರು.”

“ಏಳಬೇಕಿಲ್ಲೋ?”

“ಬರೇ ತಲೀಲೆ? ಅಷ್ಟು ಮಂದಿ ಹಿರ್ಯಾರ ಮುಂದ? ಚಾವಡ್ಯಾಗ ಹಂಗ ನಿಂತಿದ್ರ ಅಪ್ಪ ಕಾಲ ಮುರೀತಿದ್ದ. ಅದಕ್ಕ ಸುತ್ತಾಕ ಹತ್ತಿದೆ. ಇಲ್ಲಿ ಶಂಕ್ರಿ ತುದಿ ಹಿಡೀತಾಳ, ಅಲ್ಲಿ ಯಾರ ಹಿಡಿಯಾವ್ರು? ಬಾಜೂಕ ಕುಂತ ವಕೀಲರ ಕೈಯಾಗ ಕೊಟ್ಟೆ. ಪಾಪ, ಹಿಡ್ಕೊಂಡ್ರು. ನಾ ಸುತ್ತಿ ಮುಗಸೂದ್ರಾಗ ನಲವತ್ತೆರಡಕ್ಕ ಹೋಗಿದ್ರು. ಅದು ಕುರಿ ರೋಗದ್ದು. ಪಟಕಾ ಮಾತ್ರ ಅವತ್ತು ಭಾಳ ಚಂದ ಕುಂತಿತ್ತು.”

ಕಾಕಿ ಸೆರಗು ಬಾಯಿಗಿಟ್ಟು ನಕ್ಕಳು. ನಾನೂ ನಕ್ಕೆ. ಅತ್ತೆ ನಗಲಿಲ್ಲ, ಮೊಣಕಾಲು ತಿಕ್ಕುತ್ತ ತಲೆ ಬಗ್ಗಿಸಿಕೊಂಡಿದ್ದಳು. ಸೆರಗು ಜಾರಿತ್ತು. ಕೊಡದ ಕೆಳಗಿಡುವ ಸಿಂಬಿ ಕೂತು ಕೂತು ಅವಳ ನೆತ್ತಿಯ ಕೂದಲು ದುಂಡಗೆ ಸವೆದಿತ್ತು. ಎರಡು ಹಾಳೆ ತುಂಬ ನೀರಿನ ಬಗ್ಗೆ ಬರೆದ ನಾನು ಅದನ್ನು ಅಂದೇ ನೋಡಿದ್ದು.

ಮುಂದಿನ ಅಧಿವೇಶನಕ್ಕೆ ಅದೇ ಪ್ರಶ್ನೆಯನ್ನು ಅದೇ ಒಂದು ಸಾಲಿನಲ್ಲಿ ಮತ್ತೆ ಕಳಿಸಿದೆವು. ಈ ಸಲ ಹನ್ನೆರಡನೇ ನಂಬರು. ಕಾಕಾ ಹೊರಡುವ ಹಿಂದಿನ ಸಂಜೆಯೇ ಅತ್ತೆ ಬಂದಿಳಿದಳು.

ಬೆಳಿಗ್ಗೆ ಹಳ್ಳದ ತಿರುವಿನಲ್ಲಿ ಹಾರ್ನ್ ಆಯಿತು. ಕಾಕಾ ಕೂತ, ಕಾಕಿ ತುದಿ ಹಿಡಿದಳು. ಅತ್ತೆ ಕುಂಟುತ್ತ ಬಂದು ಕಾಕಿಯ ಕೈಯಿಂದ ಆ ತುದಿ ತೆಗೆದುಕೊಂಡಳು. ಅವಳೇ ಹಿಡಿಯುತ್ತಾಳೆಂದು ನಾವು ತಿಳಿದೆವು. ಅವಳು ಬಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಹುರಿ ಮಾಡಿದಳು, ಮುಷ್ಟಿಗೆ ಸುತ್ತತೊಡಗಿದಳು. ಒಂಬತ್ತು ಮೊಳದ ಪಟಕಾ ನಮ್ಮ ಕಣ್ಣೆದುರೇ ದಪ್ಪನೆಯ ಸಿಂಬಿಯಾಯಿತು.

“ಇದು ನನ್ನ ಕಡೆ ಇರಲಿ. ಬಾವಿ ಆದ ಮ್ಯಾಲೆ ಒಯ್ಯಿ.”

“ಯಕ್ಕಾ, ಬಸ್ಸು ಬಂತು! ಬರೇ ತಲೀಲೆ ಹೋದ್ರ, ಮನ್ಯಾಗ ಯಾರ ಸತ್ರು ಅಂತ ಕೇಳ್ತಾರ.”

“ಮಡ್ಡಿ ಮ್ಯಾಲೆ ನೀರ ಸತ್ತಾವು ಅಂತ ಹೇಳು.”

ಹೊರಗೆ ಚಿಕ್ಕದಾಗಿ ಎರಡು ಸಲ ಹಾರ್ನ್ ಕೇಳಿತು. ಕಾಕಾ ಎದ್ದು ನಿಂತ. ಅವನ ಮುಖ ಹುಬ್ಬಿನವರೆಗೆ ಕಪ್ಪಗೆ, ಅದರ ಮೇಲೆ ಎಳೆ ಮಗುವಿನಂತೆ ಬೆಳ್ಳಗಿತ್ತು. ಒಂದು ಕೈ ತಲೆಯ ಮೇಲಿಟ್ಟುಕೊಂಡೇ ಬೀದಿಗಿಳಿದ. ನಾನು ಚೀಲ ಹಿಡಿದು ಹಿಂದೆ ಓಡಿದೆ.

“ನೋಡು ಮಗಳ,” ಎಂದ, ನನಗಿಂತ ಹೆಚ್ಚು ತನಗೇ ಹೇಳಿಕೊಳ್ಳುವವನಂತೆ. “ಕರದ ಕೂಡ್ಲೇ ಏಳ್ತೀನಿ. ಸುತ್ತಾಕ ಏನೂ ಇಲ್ಲಲ್ಲ, ಏಳಾಕಬೇಕು. ನಂಬರ ಹೇಳ್ತೀನಿ. ಯಾವ ತಿಂಗಳ ಅಂತೀನಿ. ಪರಿಶೀಲನಾ ಅಂದ್ರ, ಕುಂದ್ರೂದಿಲ್ಲ. ಸ್ವಾಮಿ, ನನ್ನ ಪಟಕಾ ಎಲ್ಲೈತಿ ಅಂತ ನಿಮಗ ಗೊತ್ತೇನು, ಅದು ನಮ್ಮಕ್ಕನ ನೆತ್ತಿ ಮ್ಯಾಲೆ, ಕೊಡದ ಕೆಳಗ ಐತಿ ಅಂತೀನಿ,” ಎನ್ನುತ್ತಲೇ ನನ್ನ ಕೈಯಿಂದ ಚೀಲ ತೆಗೆದುಕೊಂಡು ಬಸ್ಸಿನ ಕಡೆಗೆ ನಡೆದ.