ಮೇಷ್ಟ್ರು ಕಟ್ಟಿದ ಎರಡನೆಯ ಗಂಟು

ನನ್ನ ಮೈದುನ ಓದಿದ್ದು ನಾಲ್ಕನೆಯ ತರಗತಿಯವರೆಗೆ. ಆದರೂ ದಂಡೆಯ ಜನ ಅವನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಕಯಾಕ್ ಅಂದರೆ ಒಬ್ಬರು ಕಾಲು ಚಾಚಿ ಕೂರುವಷ್ಟೇ ಜಾಗದ ಪ್ಲಾಸ್ಟಿಕ್ ದೋಣಿ. ಹೊಸಬರನ್ನು ಅದರಲ್ಲಿ ಕೂರಿಸಿ ಕಡಲಿಗೆ ಕರೆದೊಯ್ಯುವುದು, ಗಾಳ ಹಾಕಲು ಕಲಿಸುವುದು, ಹೋದ ಹಾಗೆ ತಿರುಗಿ ಕರೆತರುವುದು ಅವನ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ. ಮದುವೆಯಾಗಲಿಲ್ಲ. ನಾನು ಯಾವಾಗಲಾದರೂ ಕೇಳಿದರೆ, "ಒಬ್ರೇ ಕೂರೋ ದೋಣಿ ಅಭ್ಯಾಸ ಆಗೋಗಿದೆ ಅತ್ತಿಗೆ" ಎಂದು ನಕ್ಕು ಎದ್ದು ಹೋಗುತ್ತಿದ್ದ.

ನಮ್ಮದು ತಗಡಿನ ಶೆಡ್ಡು. ಮುಂದಿನ ಕೋಣೆಯಲ್ಲಿ ಆರು ದೋಣಿ, ಗೋಡೆಗೆ ಒರಗಿಸಿದ ಹುಟ್ಟುಗಳು, ಮೊಳೆಗೆ ಅಳತೆಯ ಪ್ರಕಾರ ತೂಗುಹಾಕಿದ ಲೈಫ್ ಜಾಕೆಟ್‌ಗಳು. ಹಿಂದಿನ ಕೋಣೆಯಲ್ಲಿ ನಾನು ಮತ್ತು ನನ್ನ ಒಲೆ. ಮೇಷ್ಟ್ರು ಮಲಗುತ್ತಿದ್ದುದು ಅಟ್ಟದ ಮೇಲೆ. ನನ್ನ ಯಜಮಾನರು ಬದುಕಿದ್ದಾಗ ಅಣ್ಣ ತಮ್ಮ ಇಬ್ಬರೂ ಸೇರಿ ಈ ಕೆಲಸ ಮಾಡುತ್ತಿದ್ದರು. ಅವರದೊಂದು ಕಟ್ಟುಪಾಡಿತ್ತು: ಕಟ್ಟಿದವನು ಪರೀಕ್ಷೆ ಮಾಡಬಾರದು. ಒಬ್ಬ ಕಟ್ಟಿದ ಗಂಟನ್ನು ಇನ್ನೊಬ್ಬ ಎಳೆದು ನೋಡಿದ ಮೇಲೆಯೇ ದೋಣಿ ನೀರಿಗೆ. ಯಜಮಾನರು ಹಾಸಿಗೆ ಹಿಡಿದು ತೀರಿಕೊಂಡು ಹನ್ನೊಂದು ವರ್ಷವಾಯಿತು. ಅಂದಿನಿಂದ ಎಳೆದು ನೋಡುವ ಕೆಲಸ ನನ್ನದು.

ಎಲ್ಲಕ್ಕಿಂತ ಮುಖ್ಯವಾದದ್ದು ಲಂಗರಿನ ಗಂಟು. ಲಂಗರಿನ ಹಗ್ಗವನ್ನು ದೋಣಿಯಲ್ಲಿ ಕೂತವರ ಮೊಣಕಾಲಿನ ಪಕ್ಕ ದೋಣಿಗೆ ಕೂರಿಸಿದ ಉಕ್ಕಿನ ಬಳೆಗೆ ಕಟ್ಟುತ್ತಾರೆ. ಹಗ್ಗದ ತುದಿಯನ್ನು ಪೂರ್ತಿ ತೂರಿಸದೆ ಮಡಿಸಿ ತೂರಿಸಬೇಕು. ಹಾಗೆ ಕಟ್ಟಿದರೆ ತುದಿ ಹಿಡಿದು ಒಮ್ಮೆ ಎಳೆದರೆ ಸಾಕು, ಸರ್ರನೆ ಬಿಚ್ಚಿಕೊಳ್ಳುತ್ತದೆ. ಲಂಗರು ಬಂಡೆಯ ಸಂದಿಗೆ ಸಿಕ್ಕಿ ಮೇಲೆ ಅಲೆ ಎದ್ದರೆ ಹಗ್ಗ ದೋಣಿಯನ್ನು ಕೆಳಕ್ಕೆ ಎಳೆಯುತ್ತದೆ. ಆಗ ಕೂತು ಗಂಟು ಬಿಡಿಸಲು ಪುರುಸೊತ್ತು ಇರುವುದಿಲ್ಲ.

ಹೋದ ವರ್ಷ ಚಳಿ ಶುರುವಾಗುವ ಹೊತ್ತಿಗೆ ಮೇಷ್ಟ್ರ ಬಲಗೈಯ ಮೂರು ಬೆರಳು ಜೋಮು ಹಿಡಿದವು. ಕುತ್ತಿಗೆಯ ನರ ಒತ್ತಿಕೊಂಡಿದೆ, ಮತ್ತೆ ಸರಿಹೋಗುತ್ತದೆಂದು ಹೇಳಲಾಗದು ಎಂದರು ವೈದ್ಯರು. ಮನೆಗೆ ಬಂದು ಅವನು ನನಗೆ ಹೇಳಿದ್ದು, "ಸ್ವಲ್ಪ ಜೋಮು ಅಷ್ಟೇ, ಓಡಾಡಿದ್ರೆ ಹೋಗುತ್ತಂತೆ." ವೈದ್ಯರ ಚೀಟಿ ಅವನ ಜೇಬಿನಲ್ಲೇ ಇತ್ತು. ಬಟ್ಟೆ ಒಗೆಯುವಾಗ ಸಿಕ್ಕಿತು. ಔಷಧದಂಗಡಿಯವನ ಹತ್ತಿರ ಓದಿಸಿದೆ.

ಅದಾದ ವಾರಕ್ಕೆ ಅವನು ಕಟ್ಟಿದ ಒಂದು ಲಂಗರಿನ ಗಂಟಿನ ತುದಿಯನ್ನು ನಾನು ತುಸು ಎಳೆದು ನೋಡಿದೆ, ಜಾರಲಿಲ್ಲ. ತುದಿ ಪೂರ್ತಿ ತೂರಿ ಕಗ್ಗಂಟಾಗಿತ್ತು. ಮಡಿಕೆ ಬೆರಳಿನಿಂದ ಜಾರಿದ್ದು ಅವನಿಗೆ ತಿಳಿದೇ ಇರಲಿಲ್ಲ. ಅವನು ಆಚೆ ಕಡೆ ಗಿರಾಕಿಗೆ ಜಾಕೆಟ್ ತೊಡಿಸುತ್ತಿದ್ದ. ನಾನು ಗಂಟು ಬಿಡಿಸಿ, ಸರಿಯಾಗಿ ಕಟ್ಟಿ, "ಆಯ್ತು" ಎಂದೆ.

ಹಾಗೆ ಏಳು ತಿಂಗಳು ನಡೆಯಿತು. ಹತ್ತರಲ್ಲಿ ಮೂರೋ ನಾಲ್ಕೋ ಕೆಟ್ಟಿರುತ್ತಿದ್ದವು. ಹೇಳಬೇಕು ಎಂದುಕೊಂಡು ಬೆಳಿಗ್ಗೆ ಏಳುತ್ತಿದ್ದೆ, ಹೇಳದೆ ಮಲಗುತ್ತಿದ್ದೆ. ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗಿತ್ತು. ಆ ಕೆಲಸವೊಂದು ಬಿಟ್ಟರೆ ಅವನಿಗೆ ಬೇರೇನೂ ಇರಲಿಲ್ಲ. ಪೇಟೆಯ ಬೀದಿಯಲ್ಲಿ ಅವನು ಗೋಡೆ ಸವರಿಕೊಂಡು ನಡೆಯುವವನು, ದಂಡೆಯಲ್ಲಿ ಮಾತ್ರ ಎದೆಯೆತ್ತಿ ನಡೆಯುತ್ತಿದ್ದ. ಕಡಲಿನಲ್ಲಿ ಗಂಟುಗಳೆಲ್ಲ ಸಲೀಸಾಗಿ ಬಿಚ್ಚಿಕೊಂಡಾಗ ಬಂದು ನನಗೆ ಹೇಳುತ್ತಿದ್ದ: "ನೋಡಿ ಅತ್ತಿಗೆ, ಬೆರಳಿಗೆ ಗೊತ್ತಾಗದಿದ್ರೂ ಕೈಗೆ ಗೊತ್ತಿರುತ್ತೆ." ನಾನು ಒಲೆಯ ಕಡೆ ತಿರುಗುತ್ತಿದ್ದೆ.

ಆ ದಿನ ಬಂದವನು ಒಬ್ಬ ದರ್ಜಿ. ನಲವತ್ತು ದಾಟಿದ, ಸಣ್ಣಗಿನ, ಬಾಯಿಗೆ ಬಿಡುವಿಲ್ಲದ ಮನುಷ್ಯ. ಅಂಗಿಯ ಕಾಲರಿನ ಒಳಮಗ್ಗುಲಿಗೆ ಗುಂಡುಪಿನ್ನುಗಳನ್ನು ಸಾಲಾಗಿ ಚುಚ್ಚಿಕೊಂಡೇ ಬಂದಿದ್ದ.

"ಈಜು ಬರುತ್ತಾ?" ಎಂದು ಮೇಷ್ಟ್ರು ಕೇಳಿದ.

"ಬಕೆಟ್ಟಲ್ಲಿ ಬರುತ್ತೆ."

"ಮತ್ತೆ ಯಾಕೆ ಬಂದ್ರಿ?"

"ನನ್ನ ಹೆಂಡ್ತಿ ನಿನ್ನೆ ಏನಂದ್ಲು ಗೊತ್ತಾ ಮೇಷ್ಟ್ರೇ? ಹುಟ್ಟಿದಾಗಿಂದ ಸೂಜಿ ಬಿಟ್ಟು ಬೇರೆ ಏನಾದ್ರೂ ಹಿಡಿದಿದ್ದೀಯಾ ಅಂದ್ಲು. ಒಂದು ಮೀನು ಹಿಡ್ಕೊಂಡು ಹೋಗಿ ಅವಳ ಮುಂದೆ ಇಡ್ಬೇಕು."

"ಸಂತೆಯಲ್ಲಿ ಸಿಗುತ್ತಲ್ಲಪ್ಪಾ" ಎಂದೆ ನಾನು.

"ಅಮ್ಮಾ, ಅವಳು ಮೀನಿನ ಕಣ್ಣು ನೋಡಿ ಯಾವ ಅಂಗಡೀದು ಅಂತ ಹೇಳ್ತಾಳೆ."

ಮೇಷ್ಟ್ರು ನಗಲಿಲ್ಲ. ಪಾಠದ ಹೊತ್ತಿನಲ್ಲಿ ಅವನು ನಗುತ್ತಿರಲಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ದರ್ಜಿಯನ್ನು ದೋಣಿಯಲ್ಲಿ ಕೂರಿಸಿ ಬೇಕೆಂದೇ ಮಗುಚಿದ. ಮಗುಚಿದ ದೋಣಿಯನ್ನು ಅಡ್ಡ ಹಿಡಿದು ತಿರುಗಿಸುವುದು, ಹೊಟ್ಟೆಯ ಮೇಲೆ ತೆವಳಿ ಹತ್ತುವುದು, ಹೊರಳಿ ಕೂರುವುದು, ಒಂದೊಂದನ್ನೂ ನಿಧಾನವಾಗಿ ಹೇಳಿಕೊಟ್ಟ. ಮೂರನೆಯ ಸಲ ಎದ್ದಾಗ ದರ್ಜಿ ಮೂಗಿನಿಂದ ನೀರು ಚಿಮ್ಮಿಸುತ್ತ, "ಮೇಷ್ಟ್ರೇ, ಒಗೆದಿದ್ದು ಸಾಕು, ಇನ್ನು ಒಣಗ್ಹಾಕಿ" ಎಂದ.

"ಇನ್ನೊಂದು ಸಲ."

ನಾಲ್ಕನೆಯ ಸಲವೂ ಮಗುಚಿದ. ದರ್ಜಿ ತಾನಾಗಿಯೇ ಹತ್ತಿದ. ಆಮೇಲೆ ಮೇಷ್ಟ್ರು ಹುಟ್ಟು, ಗಾಳದ ಕೋಲು, ಸಿಗಡಿ ತುಂಬಿದ ಡಬ್ಬಿ ಎಲ್ಲವನ್ನೂ ದೋಣಿಗೆ ಕಟ್ಟಿದ. ತನ್ನ ಜಾಕೆಟ್ಟಿನ ಎದೆಗೆ ಚಾಕುವನ್ನು ದಾರದಿಂದ ಕಟ್ಟಿಕೊಂಡ. ಕೊನೆಗೆ ದರ್ಜಿಯ ದೋಣಿಗೆ ಲಂಗರಿನ ಹಗ್ಗ. ನಾನು ಎಳೆದು ನೋಡಿದೆ. ಕಗ್ಗಂಟು. ಬಿಡಿಸಿ ಕಟ್ಟಿದೆ. "ಆಯ್ತು" ಎಂದೆ. ಏಳು ಗಂಟೆ ಹತ್ತು ನಿಮಿಷಕ್ಕೆ ಎರಡು ದೋಣಿಗಳೂ ಹೊರಟವು.

ಶೆಡ್ಡಿನ ಮುಂದೆ ಸ್ಟೂಲು ಹಾಕಿಕೊಂಡು ದುರ್ಬೀನಿನಲ್ಲಿ ನೋಡುತ್ತಿರುವುದು ನನ್ನ ರೂಢಿ. ಮೊದಲು ಅವರು ದಡಕ್ಕೆ ಹತ್ತಿರದ ಮರಳುಪಟ್ಟಿಯ ಮೇಲೆ ಲಂಗರು ಇಳಿಸಿದರು. ಮುಕ್ಕಾಲು ಗಂಟೆ ಏನೂ ಕಚ್ಚಲಿಲ್ಲ. ದರ್ಜಿಯ ಕೈಗಳು ಆಡುತ್ತಲೇ ಇದ್ದುದು ಕಾಣುತ್ತಿತ್ತು, ಮಾತು ನಿಂತಿರಲಿಲ್ಲ. ಆಮೇಲೆ ಗಂಟು ಬಿಚ್ಚಿ, ಲಂಗರು ಮೇಲೆತ್ತಿಕೊಂಡು ಹೊರಟರು. ಅಲ್ಲಿಯ ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತೆಂದು ಮೇಷ್ಟ್ರು ಆಮೇಲೆ ಹೇಳಿದ. ಅದು ನಾನು ಕಟ್ಟಿದ ಗಂಟು.

ಎರಡನೆಯ ಜಾಗ ಕಪ್ಪು ಬಂಡೆಯ ಆಚೆ, ನೀರು ಆಳ. ಮೇಷ್ಟ್ರು ತನ್ನ ದೋಣಿಗೆ ಲಂಗರು ಹಾಕಲಿಲ್ಲ, ಹುಟ್ಟಿನಿಂದಲೇ ಪಕ್ಕದಲ್ಲಿ ನಿಲ್ಲಿಸಿಕೊಂಡು ದರ್ಜಿಯ ಲಂಗರನ್ನು ಇಳಿಸಿದ, ಬಳೆಯ ಮೇಲೆ ಬಗ್ಗಿದ, ಕಟ್ಟಿದ. ನನಗೆ ಅಷ್ಟು ದೂರದಿಂದ ಬಗ್ಗಿದ ಬೆನ್ನು ಮಾತ್ರ ಕಾಣಿಸಿತು. ಜಾಗ ಬದಲಿಸಿದರೆ ಕಡಲಲ್ಲೇ ಎರಡನೆಯ ಸಲ ಕಟ್ಟುತ್ತಾರೆ, ಅಲ್ಲಿ ಎಳೆದು ನೋಡಲು ನಾನಿರುವುದಿಲ್ಲ ಎಂಬುದು ಈ ಏಳು ತಿಂಗಳಲ್ಲಿ ನನಗೆ ಹೊಳೆಯದೆ ಇರಲಿಲ್ಲ. ಹೊಸಬರನ್ನು ಅವನು ಮರಳುಪಟ್ಟಿ ದಾಟಿಸುವುದು ಅಪರೂಪ, ಏನೂ ಆಗದು ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡಿದ್ದೆ.

ಎಂಟೂವರೆಗೆ ಗಾಳಿ ನೆಲದ ಕಡೆಯಿಂದ ಬೀಸತೊಡಗಿತು. ಅದು ಮೋಸದ ಗಾಳಿ. ದಡದ ಹತ್ತಿರ ನೀರು ಕನ್ನಡಿಯ ಹಾಗೆ ಕಾಣುತ್ತದೆ, ಬಂಡೆಯ ಆಚೆ ಅಲೆ ಏಳುತ್ತಿರುತ್ತದೆ. ಮೇಷ್ಟ್ರು ಕೈಯೆತ್ತಿ ಹೊರಡುವ ಸನ್ನೆ ಮಾಡಿದ. ದರ್ಜಿ ಬಗ್ಗಿ ಎಳೆದ. ಮತ್ತೆ ಎಳೆದ.

ಅಲ್ಲಿ ಆದ ಮಾತು ಇಬ್ಬರೂ ಆಮೇಲೆ ಹೇಳಿದ್ದು.

"ಮೇಷ್ಟ್ರೇ, ಬರ್ತಾ ಇಲ್ಲ."

"ಚಿಕ್ಕ ತುದಿ ಎಳೀರಿ."

"ಎರಡೂ ಎಳ್ದೆ. ಬಿಗೀತಾ ಇದೆ."

ಮೇಷ್ಟ್ರು ದೋಣಿಗೆ ದೋಣಿ ತಾಗಿಸಿ ಗಂಟಿಗೆ ಬೆರಳಿಟ್ಟ. ನೆಂದ ಹಗ್ಗ, ಕೆಳಗೆ ಬಂಡೆಗೆ ಸಿಕ್ಕ ಲಂಗರು, ಮರದ ಗಿಣ್ಣಿನಂತಾದ ಗಂಟು. ಬೆರಳು ಹಗ್ಗದ ಮೇಲಿದೆಯೋ ಬಳೆಯ ಮೇಲಿದೆಯೋ ಅವನಿಗೆ ತಿಳಿಯಲಿಲ್ಲ. ಚಾಕು ಎಳೆದ. ಅದು ಕೈಯಿಂದ ಜಾರಿ ಎದೆಯ ದಾರಕ್ಕೆ ತೂಗಿತು. ತಡಕಿ ಅದನ್ನು ಮತ್ತೆ ಹಿಡಿಯುವಷ್ಟರಲ್ಲಿ ದೊಡ್ಡ ಅಲೆಯೊಂದು ಬಂದು ದರ್ಜಿಯ ದೋಣಿ ಒಂದು ಮಗ್ಗುಲಿಗೆ ಮುಳುಗಿ ಮಗುಚಿತು.

ನನ್ನ ದುರ್ಬೀನಿನಲ್ಲಿ ಎರಡು ತಲೆಗಳಿದ್ದವು. ಒಂದೇ ಆಯಿತು. ದಂಡೆಯಲ್ಲಿ ಎಂಜಿನ್ ದೋಣಿ ಇಟ್ಟುಕೊಂಡವನಿಗೆ ಫೋನು ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ, "ಬಂಡೆ, ಬಂಡೆ" ಎಂದೆನಂತೆ. ಮತ್ತೆ ದುರ್ಬೀನು ಎತ್ತಿದಾಗಲೂ ಒಂದೇ ತಲೆ. ಎಷ್ಟು ಹೊತ್ತು ಎಂದು ನಾನು ಹೇಳಲಾರೆ. ಆಮೇಲೆ ಮಗುಚಿದ ದೋಣಿಯ ಪಕ್ಕದಲ್ಲಿ ಇನ್ನೊಂದು ತಲೆ ಎದ್ದಿತು.

ದರ್ಜಿ ಹಗ್ಗಕ್ಕೆ ಕಾಲು ಸಿಕ್ಕಿ ನೀರಿನ ಕೆಳಗಿದ್ದನಂತೆ. ಒದ್ದಾಡಿ ಕಾಲು ಬಿಡಿಸಿಕೊಂಡು ಮೇಲೆ ಬಂದವನೇ ಮೇಷ್ಟ್ರ ಎದೆಯಲ್ಲಿ ತೂಗುತ್ತಿದ್ದ ಚಾಕುವನ್ನು ತಾನೇ ಕಿತ್ತುಕೊಂಡು ಹಗ್ಗ ಕತ್ತರಿಸಿದ. ದೋಣಿ ತಿರುಗಿಸಿದ, ತೆವಳಿ ಹತ್ತಿದ. ಬೆಳಿಗ್ಗೆ ನಾಲ್ಕು ಸಲ ಮಾಡಿದ್ದನ್ನು ಐದನೆಯ ಸಲ ಮಾಡಿದ. ಎಂಜಿನ್ ದೋಣಿಯವನು ಅವರನ್ನು ಸೇರುವಾಗ ಇಬ್ಬರೂ ಗಾಳಿಗೆ ಎದುರಾಗಿ ಅರ್ಧ ದಾರಿ ಬಂದಿದ್ದರು. ಆದರೂ ಹಗ್ಗ ಎಸೆದು ಎಳೆದು ತಂದ. ದಡಕ್ಕೆ ಬಂದ ಮೇಲೆ ಆ ಎಂಜಿನ್ ದೋಣಿಯವನ ಬಾಯಿ ಸುಮ್ಮನಿರಲಿಲ್ಲ: "ಏನ್ ಮೇಷ್ಟ್ರೇ, ನಿಮ್ಮನ್ನೂ ಎಳ್ಕೊಂಡು ಬರೋ ಕಾಲ ಬಂತಾ?"

"ಏಯ್, ತಪ್ಪು ನಂದು" ಎಂದ ದರ್ಜಿ. ಹಲ್ಲು ಕಟಕಟ ಅನ್ನುತ್ತಿದ್ದರೂ ಮುಖ ಅರಳಿತ್ತು. "ನಾನೇ ಏನೋ ತಪ್ಪು ತುದಿ ಎಳ್ದೆ. ಮೇಷ್ಟ್ರು ನಾಲ್ಕು ಸಲ ಮುಳುಗಿಸಿದ್ದಕ್ಕೇ ನಾನು ಬದುಕಿದ್ದು. ಭಾನುವಾರ ಹೆಂಡ್ತೀನೂ ಕರ್ಕೊಂಡು ಬರ್ತೀನಿ, ಇವರ ಕೈಲೇ ಕಲೀಲಿ." ನಾನು ಕೊಟ್ಟ ಚಹಾ ಎರಡು ಲೋಟ ಕುಡಿದು ಹೋದ.

ಮೇಷ್ಟ್ರು ಬಟ್ಟೆ ಬದಲಿಸಲಿಲ್ಲ. ದರ್ಜಿಯ ದೋಣಿಯ ಬಳೆಯಲ್ಲಿ ಕತ್ತರಿಸಿದ ಹಗ್ಗದ ತುಂಡು ಗಂಟಿನ ಸಮೇತ ಉಳಿದಿತ್ತು. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಆಮೇಲೆ ಬೇರೆ ಹಗ್ಗ ತೆಗೆದುಕೊಂಡು ಪಕ್ಕದ ದೋಣಿಯ ಬಳೆಗೆ, ಕಣ್ಣು ಕೀಳದೆ, ಗಂಟು ಕಟ್ಟಿದ. ಮಡಿಕೆ ಬೆರಳಿನಿಂದ ಜಾರಿತು. ಈ ಸಲ ಅವನು ಅದನ್ನು ಕಂಡ.

"ಮೊದಲನೇ ಜಾಗದಲ್ಲಿ ಬಿಚ್ಚಿಕೊಳ್ತಲ್ಲಾ ಅತ್ತಿಗೆ. ಅದನ್ನ ಕಟ್ಟಿದ್ದೂ ನಾನೇ."

ನಾನು ಲೋಟ ತೊಳೆಯುತ್ತಿದ್ದೆ. ನೀರು ನಿಲ್ಲಿಸಿದೆ. "ಅದನ್ನ ನಾನು ಬಿಚ್ಚಿ ಕಟ್ಟಿದ್ದೆ."

"ಇವತ್ತು ಮಾತ್ರಾನಾ?"

"ಇಲ್ಲಪ್ಪಾ. ಚಳಿ ಶುರುವಾದಾಗಿಂದ."

ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಹಗ್ಗವನ್ನು ಮಡಿಲಲ್ಲಿ ಇಟ್ಟುಕೊಂಡು, "ಅಣ್ಣ ಇದ್ದಿದ್ರೆ ಬೈತಿದ್ದ" ಎಂದ.

"ಬೈತಿದ್ರು."

"ಬೈದಿದ್ರೆ ಆವತ್ತೇ ನಿಲ್ಲಿಸ್ತಿದ್ದೆ. ನೀವು ಆಯ್ತು ಅಂದ್ರಿ. ದಿನಾ ಆಯ್ತು ಅಂದ್ರಿ. ನಾನು ನಂಬಿದೆ."

"ನಿನ್ನ ಕೆಲಸ ಹೋಗಬಾರ್ದು ಅಂತ..."

"ಅವನು ಇವತ್ತು ಸತ್ತಿದ್ರೆ ಅತ್ತಿಗೆ? ಆ ಹೆಂಗಸಿಗೆ ಹೋಗಿ ಏನು ಹೇಳ್ತಿದ್ವಿ?"

ನಾನು ತೊಳೆದ ಲೋಟಗಳನ್ನು ಬೋರಲು ಹಾಕಿದೆ. 

ಭಾನುವಾರ ದರ್ಜಿ ಹೇಳಿದಂತೆಯೇ ಹೆಂಡತಿಯೊಂದಿಗೆ ಬಂದ. ಇಬ್ಬರ ತಲೆಯ ಮೇಲೂ ಅವನೇ ಹೊಲಿದ ಹೊಸ ಟೋಪಿ. ಆಕೆ ಗಟ್ಟಿಗಿತ್ತಿ. ಬಂದವಳೇ, "ನಮ್ಮೋರನ್ನ ನಾಲ್ಕು ಸಲ ಮುಳುಗಿಸಿದ್ರಂತೆ, ಅಲ್ಲೇ ಯಾಕೆ ಬಿಡ್ಲಿಲ್ಲ?" ಎಂದು ನಕ್ಕಳು. ಮೇಷ್ಟ್ರು ಬಲಗೈ ಮುಂದೆ ಚಾಚಿದ.

"ದರ್ಜಿಗಳೇ, ಒಂದು ಪಿನ್ನು ತೆಗೀರಿ. ಈ ಬೆರಳಿಗೆ ಚುಚ್ಚಿ."

"ಏನ್ ತಮಾಷೆ ಮೇಷ್ಟ್ರೇ!"

"ಚುಚ್ಚಿ ಅಂದೆ."

ಮೇಷ್ಟ್ರು ಮುಖ ಬಾಗಿಲ ಕಡೆ ತಿರುಗಿಸಿಕೊಂಡು ನಿಂತ. ದರ್ಜಿ ಕಾಲರಿನಿಂದ ಪಿನ್ನು ತೆಗೆದು ಮೆಲ್ಲಗೆ ಚುಚ್ಚಿದ. ಸಾಸಿವೆಯಷ್ಟು ರಕ್ತ ಬಂತು. ಮೂವರೂ ನೋಡುತ್ತ ನಿಂತೆವು.

"ಚುಚ್ಚಿದ್ರಾ?" ಎಂದು ಕೇಳಿದ ಮೇಷ್ಟ್ರು, ಬಾಗಿಲನ್ನೇ ನೋಡುತ್ತ.

ದರ್ಜಿ ಪಿನ್ನು ಒರೆಸಿ ಮತ್ತೆ ಕಾಲರಿಗೆ ಚುಚ್ಚಿಕೊಂಡ. ಆಕೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು. "ಗಂಟು ನಂದು, ನಿಮ್ಮ ಯಜಮಾನರ ತಪ್ಪಲ್ಲ" ಎಂದು ಮೇಷ್ಟ್ರು ಆಕೆಗೇ ಹೇಳಿದ. ದಂಡೆಯ ಆ ತುದಿಯಲ್ಲಿ ಇನ್ನೊಬ್ಬ ಕಲಿಸುವವನಿದ್ದಾನೆ, ಅವನ ಹತ್ತಿರ ಹೋಗಿ ಎಂದ. ನನ್ನ ಹೆಸರು ಎತ್ತಲಿಲ್ಲ.

ಸೋಮವಾರ ಬಂದರು ಕಚೇರಿಗೆ ಹೋಗಿ ಪರವಾನಗಿ ವಾಪಸು ಕೊಟ್ಟು ಬಂದ. ತಿಂಗಳೊಳಗೆ ಶೆಡ್ಡು ಬೇರೆಯವರ ಪಾಲಾಯಿತು. ನಾವು ಬಸ್ ಡಿಪೋ ದಾರಿಯಲ್ಲಿ ಎರಡು ಕೋಣೆಯ ಮನೆಗೆ ಬಂದೆವು, ಕಿಟಕಿ ತೆರೆದರೆ ಡೀಸೆಲ್ ಹೊಗೆ. ಡಿಪೋದಲ್ಲಿ ಅವನಿಗೆ ಗೇಟು ತೆರೆದು ಮುಚ್ಚುವ ಕೆಲಸ ಸಿಕ್ಕಿತು. ಅಲ್ಲಿ ಯಾರೂ ಅವನನ್ನು ಮೇಷ್ಟ್ರು ಎನ್ನುವುದಿಲ್ಲ, ಗೇಟು ಎನ್ನುತ್ತಾರೆ. "ಗೇಟೂ, ತೆಗಿಯೋ!" ಎಂದು ಚಾಲಕರು ಕೂಗುವುದು ನಮ್ಮ ಅಡುಗೆಮನೆಗೆ ಕೇಳಿಸುತ್ತದೆ.

ಕೆಲಸಕ್ಕೆ ಸೇರಿದ ಮೊದಲ ಬೆಳಿಗ್ಗೆ ಅವನು ಸಮವಸ್ತ್ರದ ಅಂಗಿ ತೊಟ್ಟು ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದ. ಗುಂಡಿ ಏಳು. ಎಡಗೈಯಿಂದಲೇ ಒಂದೊಂದಾಗಿ ಹಾಕಲು ಹತ್ತು ನಿಮಿಷದ ಮೇಲಾಯಿತು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಎರಡು ಹೆಜ್ಜೆ ಮುಂದೆ ಹೋಗಿ ಸರಿಮಾಡಿದ್ದರೆ ಅರ್ಧ ನಿಮಿಷದ ಕೆಲಸ.

"ಸರಿಯಾಗಿದೆಯಾ ಅತ್ತಿಗೆ?" ಎಂದು ಕೇಳಿದ, ನನ್ನ ಮುಖವನ್ನೇ ನೋಡುತ್ತ.

"ಇಲ್ಲ. ಮೇಲಿನಿಂದ ಎರಡನೇದು ತಪ್ಪಿದೆ."

ಅವನು ತಲೆಯಾಡಿಸಿದ. ಏಳನ್ನೂ ಕೆಳಗಿನಿಂದ ಬಿಚ್ಚಿ ಮೊದಲಿನಿಂದ ಶುರು ಮಾಡಿದ. ಡಿಪೋದ ಮೊದಲ ಬಸ್ಸು ಗೇಟಿನ ಮುಂದೆ ಹಾರನ್ ಹಾಕುತ್ತಿತ್ತು. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತೇ ಇದ್ದೆ.